ಗುರುಗ್ರಾಮಕ್ಕೆ ಹೋಗಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದದ್ದು

ಜೂನ್ ತಿಂಗಳ ಒಂದು ಬೆಳಿಗ್ಗೆ, ಆರ್.ಕೆ.ಪುರಂನ ನಮ್ಮ ತಿಂಡಿ ಹೋಟೆಲಿನಿಂದ ಗುರುಗ್ರಾಮದ ಆಸ್ಪತ್ರೆಗೆ ನನ್ನ ಸವಾರಿ ಹೊರಟಿತು. ಪರಿವಾರವೆಂದರೆ ಮಗಳು ಶ್ರುತಿ ಒಬ್ಬಳೇ. ಯಾತ್ರೆಯ ಕಾರಣ, ನಾನು ಆಗಾಗ ಮೂರ್ಛೆ ಹೋಗುತ್ತೇನೆ. ದೋಸೆ ಕಾವಲಿಯ ಮುಂದೆ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಕನ್ನಡ ಸಂಘದ ಸಭೆಯಲ್ಲಿ ಅಧ್ಯಕ್ಷರ ಭಾಷಣಕ್ಕೆ ಎದ್ದು ನಿಂತಾಗ. ಆ ಕೊನೆಯದನ್ನು ಕೆಲವರು ವಿಮರ್ಶೆಯೆಂದು ತಿಳಿದರು.

"ಈ ಸಲ ಡಾಕ್ಟರಿಗೆ ಏನೂ ಸಿಗ್ಲಿಲ್ಲ ಅಂದ್ರೆ ನೀನು ಕಾವಲಿ ಬಿಡ್ಬೇಕು ಅಮ್ಮ. ಬಸ್, ಫೈನಲ್."

"ಬಿಟ್ಟು?"

"ಗಲ್ಲಾದಲ್ಲಿ ಕೂತ್ಕೋ. ಆರಾಮ್ ಸೇ."

ಕುಂದಾಪುರದಿಂದ ಬಂದಂದಿನಿಂದ ನಿಂತೇ ದೋಸೆ ಹುಯ್ದವಳಿಗೆ ಕುರ್ಚಿಯ ಶಿಕ್ಷೆ! ಅವಳು ಕ್ಯಾಬ್ ಕರೆಯಲು ಫೋನ್ ತೆಗೆಯುವಷ್ಟರಲ್ಲಿ ನಾನು ಮೆಟ್ರೋ ಮೆಟ್ಟಿಲಿಳಿಯುತ್ತಿದ್ದೆ.

ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸಿದೆವು. ಮಹಿಳೆಯರ ಬೋಗಿಯಲ್ಲಿ ನಿಲ್ಲಲೂ ಜಾಗ ಕಷ್ಟ. ಸಾಕೇತ್ ದಾಟುವಾಗ ಕಿವಿಯಲ್ಲಿ ಗುಂಯ್ ಎಂದಿತು, ಬೆನ್ನು ಬೆವರಿತು. ಮುಂದಿನದು ಶ್ರುತಿಯ ವರದಿ. "ಆಂಟೀಜಿ ಕೋ ಬಿಠಾಓ!" ಎಂದು ಇಬ್ಬರು ನನ್ನನ್ನು ರಟ್ಟೆ ಹಿಡಿದೆತ್ತಿ ಸೀಟಿನಲ್ಲಿ ಕೂರಿಸಿದರು, ಮೂರನೆಯವಳು ಗಲ್ಲ ಹಿಡಿದು ತಲೆ ನೆಟ್ಟಗೆ ನಿಲ್ಲಿಸಿದಳು. ನಮ್ಮ ಹೋಟೆಲಿನಲ್ಲೂ ಇದೇ ಕ್ರಮ. ಒಡತಿ ಹತ್ತು ಜನರೆದುರು ನೆಲದಲ್ಲಿ ಬಿದ್ದಿರುವುದು ಮರ್ಯಾದೆಯಲ್ಲವೆಂದು ಎತ್ತಿ ಕುರ್ಚಿಯಲ್ಲಿ ಪ್ರತಿಷ್ಠಾಪಿಸುತ್ತಾರೆ. ಕಣ್ಣು ಬಿಟ್ಟಾಗ ಸುಲ್ತಾನಪುರ ಬಂದಿತ್ತು.

ಆಸ್ಪತ್ರೆಯ ಕೋಣೆಯಲ್ಲಿ ಎ.ಸಿ.ಯ ಶೀತಲ ಹಿಮಾಲಯ. ಕಳೆದ ಚಳಿಗಾಲದಲ್ಲಿ ನನ್ನ ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರ ಇಟ್ಟಿದ್ದರು. ಹೃದಯದ ಬಡಿತವನ್ನು ದಾಖಲಿಸುವುದು ಅದರ ಉದ್ಯೋಗ. ಡಾಕ್ಟರು ಅದರ ಗೆರೆಗಳನ್ನು ಪರದೆಯ ಮೇಲೆ ತೋರಿಸಿದರು. ಗುಡ್ಡ, ಗುಡ್ಡ, ಆಮೇಲೆ ಬಯಲು. ಬೆಳಿಗ್ಗೆ ಮೆಟ್ರೋದಲ್ಲಿ ನನ್ನ ಹೃದಯ ನಿಂತೇಬಿಟ್ಟಿತ್ತಂತೆ, ಒಂದು ದೋಸೆ ಮಗುಚುವಷ್ಟು ಹೊತ್ತು.

"ಕೇಳಿದ್ಯಾ? ನಿಶ್ಶಕ್ತಿಯೂ ಅಲ್ಲ, ನಾಟಕವೂ ಅಲ್ಲ," ಎಂದೆ ಶ್ರುತಿಗೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಡಾಕ್ಟರು ಹಿಂದಿಯಲ್ಲಿ ವಿವರಿಸಿದರು. ನರಗಳ ತಪ್ಪು ಸಂದೇಶಕ್ಕೆ ಹೃದಯ ನಿಲ್ಲುತ್ತದೆ. ಪೇಸ್‌ಮೇಕರ್ ಇದ್ದರೆ ನಿಲ್ಲಗೊಡುವುದಿಲ್ಲ. ಆದರೆ ರಕ್ತದೊತ್ತಡ ಇಳಿಯುವುದನ್ನು ಅದು ತಡೆಯಲಾರದು. "ತಲೆ ತಿರುಗಿದರೆ ಇದ್ದಲ್ಲೇ ಮಲಗಿ, ಕಾಲು ಎತ್ತರದಲ್ಲಿಡಿ. ಎತ್ತಿ ಕೂರಿಸುವವರಿಂದ ದೂರವಿರಿ. ಕೂರಿಸಿದರೆ ತಲೆಗೆ ರಕ್ತ ಹೋಗುವುದು ಇನ್ನೂ ತಡ."

"ನನ್ನ ಕಾವಲಿ?"

"ಮಾಂಜೀ, ಮೊದಲು ಗಾಯ ಮಾಯಲಿ. ಕೆಲವು ವಾರ ಎಡಗೈ ಮೇಲೆತ್ತಬೇಡಿ."

"ಹುಯ್ಯುವುದು ಬಲಗೈಯಲ್ಲಿ," ಎಂದೆ.

ಮರುದಿನ ಎಡ ಹೆಗಲ ಕೆಳಗೆ ಹೊಸ ಯಂತ್ರದ ಪ್ರವೇಶೋತ್ಸವ ನಡೆಯಿತು. ನೈವೇದ್ಯಕ್ಕೆ ಉಪ್ಪಿಲ್ಲದ ಖಿಚಡಿ.

ಮನೆಗೆ ಕಳಿಸಿದ ದಿನ ಶ್ರುತಿ ಮತ್ತೆ ಕ್ಯಾಬ್ ಎಂದಳು, ನಾನು ಮತ್ತೆ ಮೆಟ್ರೋ ಎಂದೆ. ಪೇಸ್‌ಮೇಕರಿನ ಕಾರ್ಡು ನೋಡಿ ಭದ್ರತೆಯ ಹುಡುಗಿ ಕೈಯಲ್ಲೇ ತಪಾಸಣೆ ಮಾಡಿ ಬಿಟ್ಟಳು. ಘಿಟೋರ್ನಿಯಲ್ಲಿ ಗಾಡಿ ಸುಮ್ಮನೆ ನಿಂತಿತು. ಕಿಟಕಿಯಲ್ಲಿ ಬಿಸಿಲು, ಕಿವಿಯಲ್ಲಿ ಅದೇ ಗುಂಯ್.

ಸೀರೆ ಸರಿಪಡಿಸಿಕೊಂಡು ಬೋಗಿಯ ನೆಲದ ಮೇಲೆ ಉದ್ದಕ್ಕೆ ಮಲಗಿದೆ.

"ಅಮ್ಮ, ಇಲ್ಲೇನಾ? ಸಬ್ ದೇಖ್ ರಹೇ ಹೈಂ!"

"ನೋಡ್ಲಿ. ಟಿಕೆಟ್ ತಗೊಂಡೇ ಬಂದಿದ್ದೇನೆ."

ಎತ್ತಲು ಬಗ್ಗಿದವಳೊಬ್ಬಳಿಗೆ "ಉಠಾನಾ ಮತ್," ಎಂದೆ. ಲೋಕ ಮಸುಕಾಯಿತು, ಆದರೆ ಕತ್ತಲಾಗಲಿಲ್ಲ. ಇಂಥ ಸಭೆಗಳಿಗೆಲ್ಲ ನಾನೇ ಮುಖ್ಯ ಅತಿಥಿ, ನಾನೇ ಗೈರುಹಾಜರಿ. ಮೊದಲ ಸಲ ಪೂರ್ತಿ ಹಾಜರಿದ್ದು ಎಲ್ಲರ ಮುಖ ತಲೆಕೆಳಗಾಗಿ ನೋಡಿದೆ. ಶ್ರುತಿ ಒಂದು ಗಳಿಗೆ ಕಂಬ ಹಿಡಿದು ನಿಂತಿದ್ದಳು. ಆಮೇಲೆ ನೆಲದಲ್ಲೇ ಕುಳಿತು ನನ್ನ ಕಾಲುಗಳನ್ನು ಮಡಿಲಿಗೇರಿಸಿಕೊಂಡು ಸುತ್ತಲಿನವರನ್ನು ದುರುಗುಟ್ಟಿದಳು.

"ಕ್ಯಾ ಹುಆ? ಮಲಗಿದ್ದಾರೆ ಅಷ್ಟೆ!"

ಕನ್ನಡ ಅರ್ಥವಾಗದಿದ್ದರೂ ಬೋಗಿ ತೆಪ್ಪಗಾಯಿತು. ಗಾಡಿ ಹೊರಟಿತು. ಹೌಜ್ ಖಾಸ್ ಹತ್ತಿರವಾದಾಗ ಎದ್ದು ಸೆರಗು ಕೊಡವಿದೆ.

"ಕಾವಲಿ ಪಕ್ಕ ಒಂದು ಚಾಪೆ ಹಾಕ್ಸೋಣ್ವಾ?" ಎಂದಳು ಶ್ರುತಿ, ಬೇರೆ ಕಡೆ ನೋಡುತ್ತ.

"ಹಾಕ್ಸು. ಆ ಕುರ್ಚಿ ತೆಗೆಸು."