ಮೀನಿಲ್ಲದ ಬಾಟಲಿಯಲ್ಲಿ ಪಾದರಸ

ಎರಡು ವರ್ಷದ ಹಿಂದೆ, ದಸರೆ ಮುಗಿದ ಮರುವಾರ ನಡೆದದ್ದು. ಹಾವೇರಿಯ ಒಂದು ಖಾಸಗಿ ಪ್ರಯೋಗಾಲಯಕ್ಕೆ ರಾಣೆಬೆನ್ನೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಮೀನು ಮುಟ್ಟದ ಮನೆ. ಮೀನು ಪರೀಕ್ಷೆ ಮಾಡಿ ಬಂದ ದಿನ ಸ್ನಾನವಾಗದೆ ಅವ್ವ ಅಡುಗೆಮನೆಗೆ ಬಿಡುತ್ತಿರಲಿಲ್ಲ.

ಆಗ ತುಂಗಭದ್ರೆಯ ಮೀನಿನಲ್ಲಿ ಪಾದರಸವಿದೆ ಎಂದು ಯಾರೋ ಮೊಬೈಲಿನಲ್ಲಿ ಸುದ್ದಿ ಹಬ್ಬಿಸಿದ್ದರು. ಸಂತೆಯಲ್ಲಿ ಮೀನು ಕೇಳುವವರೇ ಇಲ್ಲ. ಮೇಡ್ಲೇರಿ ಕಡೆಯ ಮೀನುಗಾರರು ತಾವೇ ಪರೀಕ್ಷೆ ಮಾಡಿಸಲು ಮುಂದಾದರು. ಮೀನು ತಂದವಳು ಗಂಗವ್ವ, ಸಂತೆಯಲ್ಲಿ ಮಾರುವವಳು. ಐಸಿನ ಡಬ್ಬಿ ನನ್ನ ಮುಂದಿಟ್ಟು, "ನೋಡವಾ, ವಿಷ ಇದ್ರ ಐತಿ ಅಂತ ಹೇಳು, ಬಲೆ ಮಡಚಿ ಇಡತೀವಿ. ಇಲ್ಲಂದ್ರ ಅದನ್ನೂ ಜೋರಾಗೇ ಹೇಳಬೇಕು" ಎಂದಳು.

ಮೀನಿನ ಮಾಂಸವನ್ನು ತೂಗಿ, ಆಸಿಡ್‌ನಲ್ಲಿ ಕಾಯಿಸಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಪಾದರಸ ಎಷ್ಟಿದೆ ಎಂದು ಅದು ತೋರಿಸುತ್ತದೆ. ಜೊತೆಗೆ ಮೀನೇ ಹಾಕದ, ಬರೀ ಆಸಿಡ್‌ನ ಒಂದು ಬಾಟಲಿಯನ್ನೂ ಹಾಗೆಯೇ ಕಾಯಿಸುತ್ತೇವೆ. ಅದರಲ್ಲಿ ಏನೂ ಬರಬಾರದು. ಮೀನಿನಲ್ಲಿ ಪಾದರಸ ಮಿತಿ ಮೀರಿ ಬಂತು. ಆದರೆ ಮೀನಿಲ್ಲದ ಬಾಟಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ!

"ಮಷಿನ್ ಆಗಾಗ ಹಿಂಗ ಮಾಡತೈತಿ. ಇವತ್ತ ರಿಪೋರ್ಟ್ ಹೋಗಲಿ" ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸರ್.

"ಇದು ಮೀನಿಂದಲ್ರಿ ಸರ್. ಬರೇ ಆಸಿಡ್‌ನ್ಯಾಗ ಮೀನು ಎಲ್ಲಿಂದ ಬರಬೇಕ್ರಿ? ನಾ ಸಹಿ ಮಾಡಂಗಿಲ್ರಿ."

ಆ ಧೈರ್ಯ ಎಲ್ಲಿತ್ತೋ! ಸರ್ ಮುಖ ಗಂಟು ಹಾಕಿಕೊಂಡು ಮರುದಿನದವರೆಗೆ ಸಮಯ ಕೊಟ್ಟರು.

ಆಸಿಡ್ ಬದಲಿಸಿದೆ, ನೀರು ಬದಲಿಸಿದೆ. ಅದೇ ಹಣೆಬರಹ. ಸೋತು ಕುಳಿತಾಗ ತೂಕದ ಯಂತ್ರದ ಮೇಲೆ ಕೆಂಪು ಪುಡಿ ಕಂಡಿತು. ಕಾಯಿಸುವ ಒಲೆಗೂ, ಬಾಟಲಿ ಸ್ಟ್ಯಾಂಡಿಗೂ ಅದೇ ಕೆಂಪು. ಆಯುಧಪೂಜೆ! ಸುತ್ತಿಗೆಯಿಂದ ಲಾರಿಯವರೆಗೆ ನಾವು ಯಾವುದನ್ನು ಬಿಡುತ್ತೇವೆ? ಸರ್ ಖುದ್ದಾಗಿ ನಿಂತು ಎಲ್ಲಕ್ಕೂ ಸಂತೆಯ ಸಿಂಧೂರ ಹಚ್ಚಿಸಿದ್ದರು. ಕೆಲವು ಸಿಂಧೂರದಲ್ಲಿ ಪಾದರಸ ಇರುತ್ತದೆಂದು ಓದಿದ್ದೆ. ಚಿಟಿಕೆ ಪುಡಿ ಕರಗಿಸಿ, ತೀರಾ ತೆಳುಮಾಡಿ ಕೊಟ್ಟರೂ ಯಂತ್ರದ ಅಂಕಿ ಮುಗಿಲು ಮುಟ್ಟಿತು. ಎರಡೂ ಬಾಟಲಿಗಳಿಗೆ ಬಿದ್ದಿದ್ದ ಪಾದರಸದ ಮೂಲ ಸಿಕ್ಕಿಬಿತ್ತು!

ಸರ್ ಅಂಗಿಯ ತೋಳು ಮಡಚಿಕೊಂಡು ತಾವೇ ತೊಳೆಯಲು ನಿಂತರು. ಹೊಸ ಬಾಟಲಿಗಳಲ್ಲಿ ಮತ್ತೆ ಕಾಯಿಸಿದೆವು. ಮೀನಿಲ್ಲದ ಬಾಟಲಿಯಲ್ಲಿ ಏನೂ ಇಲ್ಲ. ಗಂಗವ್ವನ ಮೀನಿನಲ್ಲಿ ಇದ್ದೂ ಇಲ್ಲದಷ್ಟು. ನಾನು ಕುಣಿಯುವುದೊಂದು ಬಾಕಿ. "ನಾವು ಹಚ್ಚಿದ್ದು ಮೀನಿನ ಕುತ್ತಿಗಿಗೆ ಬಂದಿತ್ತಲ್ರಿ!" ಎಂದು ಸರ್ ಕೂಡ ನಕ್ಕರು.

ಮುಂದಿನ ಸಂತೆಗೆ ಅವ್ವನ ಜೊತೆ ಹೋಗಿದ್ದೆ. ಮೀನಿನ ಸಾಲು ಬಂದೊಡನೆ ಅವ್ವ ಸೆರಗಿನಿಂದ ಮೂಗು ಮುಚ್ಚಿದಳು. ಗಂಗವ್ವನ ಸುತ್ತ ಗಿರಾಕಿಗಳ ಗುಂಪು. ನನ್ನನ್ನು ಕಂಡವಳೇ, "ಪರೀಕ್ಷಾ ಪಾಸಾದ ಮೀನು ತಗೋರ್ರಿ! ಅಗೋ, ಪರೀಕ್ಷಾ ಮಾಡಿದಾಕಿ ಅಲ್ಲೇ ನಿಂತಾಳ!" ಎಂದು ಕೂಗಿದಳು. ಎಲ್ಲರೂ ತಿರುಗಿ ನೋಡಿದರು.

ಅವ್ವ ಮೂಗಿನಿಂದ ಸೆರಗು ತೆಗೆದಳು. "ನನ್ನ ಮಗಳ್ರೀ ಆಕಿ" ಎಂದಳು, ಸಂತೆಗೆಲ್ಲ ಕೇಳುವಂತೆ.

ಆ ಮಾತು ನೆನೆದರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ. ಸ್ನಾನ ಮಾತ್ರ ಈಗಲೂ ತಪ್ಪಿಲ್ಲ.