ಜತ್ತದ ತಾರು ಮಾಸ್ತರರು

ಅವರ ಬಲಗೈ ತೋರುಬೆರಳಿನ ತುದಿ ಬಡಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಜತ್ತದ ಪೋಸ್ಟಾಫೀಸಿನಲ್ಲಿ ತಾರಿನ, ಅಂದರೆ ಟೆಲಿಗ್ರಾಮಿನ ಯಂತ್ರ ಒತ್ತಿ ಒತ್ತಿ ಹಾಗಾಗಿತ್ತಂತೆ. ಚಹಾ ಕುಡಿಯುವಾಗಲೂ ಆ ಬೆರಳು ಬಸಿಯ ಅಂಚನ್ನು ಕಟಕಟ ಬಡಿಯುತ್ತಿತ್ತು. "ಆ ಕೈ ತುಸು ಸುಮ್ಮ ಇಡ್ರಿ" ಎಂದು ಹೆಂಡತಿ ರೇಗುತ್ತಿದ್ದುದು ಪಕ್ಕದ ನನ್ನ ತವರುಮನೆಗೂ ಕೇಳಿಸುತ್ತಿತ್ತು.

ಮದುವೆಯಾಗಿ ನಾನು ಹೋದ ಉಟಗಿಗೆ ತಂತಿ ಇರಲಿಲ್ಲ. ಮಿರಜದ ಕಡೆಯಿಂದ ಬಂದ ತಾರು ಜತ್ತದಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಟಪಾಲಿನವನು ತಂದು ಮುಟ್ಟಿಸುವಷ್ಟರಲ್ಲಿ ಸತ್ತವರ ದಿನಕಾರ್ಯವೂ ಮುಗಿದಿರುತ್ತಿತ್ತು. ಮಾಸ್ತರರು ಮೇಲಿನವರನ್ನು ಕಾಡಿ ಬೇಡಿ, ತಾರಿನ ಲಕೋಟೆಯನ್ನು ಉಟಗಿಯ ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವ ಪದ್ಧತಿ ಹಾಕಿದರು. ತಂತಿ ಮುಗಿದಲ್ಲಿಂದ ಬಸ್ಸು ಶುರು.

ಆದರೆ ನಮ್ಮೂರಲ್ಲಿ ತಾರೆಂದರೆ ಸಾವೆಂದೇ ಲೆಕ್ಕ. ಒಮ್ಮೆ ನೆರೆಮನೆಯ ಸೊಸೆಗೆ ತಾರು ಬಂತು. ಓದಬಲ್ಲವರು ಬರುವುದರೊಳಗೆ ಅವಳು ಬಳೆ ಒಡೆದುಕೊಂಡು ಓಣಿಗೆ ಓಣಿಯನ್ನೇ ಅಳಿಸಿಬಿಟ್ಟಿದ್ದಳು. ನೋಡಿದರೆ, ಪುಣೆಯಲ್ಲಿ ಅವಳ ಗಂಡನ ನೌಕರಿ ಕಾಯಂ ಆಗಿತ್ತು! ಸುದ್ದಿ ಕೇಳಿ ಮಾಸ್ತರರು ನಗಲಿಲ್ಲ. ತಾರಿನ ಒಳಗಿನ ಮಾತು ಹೊರಗೆ ಹೇಳುವಂತಿಲ್ಲ, ಕಾಯ್ದೆ. ಅಂದಿನಿಂದ ಕಂಡಕ್ಟರನಿಗೆ ಇಷ್ಟೇ ಹೇಳತೊಡಗಿದರು: "ಇದನ್ನ ನಕ್ಕೋತ ಕೊಡು." ಇಲ್ಲವೇ, "ಇದನ್ನ ಹಿರ್ಯಾರ ಕೈಯಾಗ ಕೊಡು." ಕಾಯ್ದೆಯೂ ಉಳಿಯಿತು, ಉಟಗಿಯ ಬಳೆಗಳೂ ಉಳಿದವು.

ಎಪ್ಪತ್ತೊಂದರ ಯುದ್ಧದಲ್ಲಿ ನನ್ನ ಗಂಡ ಗಡಿಯಲ್ಲಿದ್ದರು. ಬಸ್ಸು ಬಂದಾಗಲೆಲ್ಲ ನಾನು ಕಂಡಕ್ಟರನ ಮುಖ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಬಸ್ಸಿನಿಂದ ಮಾಸ್ತರರೇ ಇಳಿದರು. ನಗಲಿಲ್ಲ, ಹಿರಿಯರನ್ನು ಕರೆಯಲೂ ಇಲ್ಲ, ನೆಟ್ಟಗೆ ನನ್ನ ಕಡೆ ಬಂದರು.

"ಕುಂದ್ರ ತಂಗಿ. ಜೀವಂತ ಅದಾರ. ಒಂದು ಕಾಲು ಹೋಗೇದ. ಇದನ್ನ ಹ್ಯಾಂಗ ಕೊಡಂತ ಹೇಳ್ಲಿ ಆ ಕಂಡಕ್ಟರಗ? ಅದಕ್ಕ ರಜಾ ಹಾಕಿ ನಾನ ಬಂದೆ."

ನನ್ನನ್ನು ಅಳುವಷ್ಟು ಅಳಲು ಬಿಟ್ಟರು. ಆಮೇಲೆ ಕಿಸೆಯಿಂದ ಪೆನ್ಸಿಲ್ ತೆಗೆದರು. "ಈಗ ಜವಾಬು ಹೇಳು. ಇದ ಬಸ್ಸಿಗೆ ಒಯ್ತೀನಿ."

"ಏನ್ ಹೇಳ್ಲಿರಿ?"

"ಅಲ್ಲಿ ಒಬ್ರ ಮಲಗಿ ಏನ್ ವಿಚಾರ ಮಾಡ್ತಿರಬೇಕು ಅವ್ರು? ಅದಕ್ಕ ಜವಾಬು ಕೊಡು."

ಬಾಯಿಗೆ ಬಂದದ್ದು ಹೇಳಿದೆ: "ಲಗೂನ ಮನಿಗಿ ಬರ್ರಿ. ಹೊಲ ನಾ ಮಾಡ್ತೀನಿ, ನೀವು ಬದುವಿನ ಮ್ಯಾಲ ಕುಂತು ಬೈರಿ."

ಮಾಸ್ತರರು ಆಗ ನಕ್ಕರು. ಆ ಮಾತನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿ ಬಡಿದರೋ, ದೇವರಿಗೇ ಗೊತ್ತು.

ನನ್ನ ಗಂಡ ದವಾಖಾನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ. ಕುಂಟನಾಗಿ ಊರಿಗೆ ಹೋಗುವುದೇ ಇಲ್ಲ, ಹೆಂಡತಿಗೆ ಹೊರೆಯಾಗುವುದು ಬೇಡ ಎಂದು ಗಟ್ಟಿಮಾಡಿಕೊಂಡಿದ್ದರಂತೆ. ತಾರು ಓದಿಸಿಕೊಂಡು ಎದ್ದು ಕೂತು ಊಟ ಕೇಳಿದರಂತೆ. ಊರುಗೋಲು ಹಿಡಿದು ಬಂದರು, ಹೇಳಿದ ಹಾಗೆಯೇ ಬದುವಿನ ಮೇಲೆ ಕೂತು ಬೈದರು. ಅಂಥ ಸುಖ ನಾನು ಬೇರೆ ಕಂಡಿಲ್ಲ.

ಕೆಲವು ವರ್ಷಗಳ ಮೇಲೆ ಮಾಸ್ತರರು ತೀರಿಕೊಂಡರು. ನಾವಿಬ್ಬರೂ ಜತ್ತಕ್ಕೆ ಹೋದೆವು. ನನ್ನ ಗಂಡ ಚಟ್ಟಕ್ಕೆ ಹೆಗಲು ಕೊಡುತ್ತೇನೆಂದು ಮುಂದೆ ನಿಂತರು. "ನಿಮಗ ಆಗೂದಿಲ್ರಿ" ಎಂದರು ಜನ. ಅವರು ಸರಿಯಲಿಲ್ಲ. ಒಂದು ಕೈಯಲ್ಲಿ ಊರುಗೋಲು, ಹೆಗಲ ಮೇಲೆ ಮಾಸ್ತರರು. ಉಳಿದ ಮೂವರು ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಸ್ಮಶಾನದವರೆಗೂ ನಿಧಾನವಾಗಿ ನಡೆದರು.