ದೊಡ್ಡಮ್ಮ ಓದಿದ ಕೊನೆಯ ಪುಟ

ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಾ ಹೊಸ ಪ್ರೇಮ ಕಾದಂಬರಿಯೊಂದನ್ನು ಮುಗಿಸಿದೆ. ಹೊಡೆದ ಗಂಡನನ್ನು ನಾಯಕಿ ಕ್ಷಮಿಸಿಬಿಟ್ಟಳು. ನನಗೆ ಕಣ್ಣೀರೂ ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ಪಕ್ಕದ ಹೆಂಗಸಿನ ಬೀಡಿ ಚೀಲದಿಂದ ಹೊಗೆಸೊಪ್ಪಿನ ವಾಸನೆ ಬಂದು, ಪುತ್ತಿಗೆಯ ನಮ್ಮ ಜಗಲಿ ನೆನಪಾಯಿತು.

ಅಲ್ಲಿ ಹೆಂಗಸರು ಬೀಡಿ ಕಟ್ಟುವಾಗ ದೊಡ್ಡಮ್ಮ ಕಾದಂಬರಿ ಓದಿ ಹೇಳುತ್ತಿದ್ದರು. ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಒಮ್ಮೆ ಕಥೆಯಲ್ಲಿ ಗಂಡ ಹೊಡೆದಾಗ ಎಲ್ಲರ ಕೈ ನಿಂತಿತು.

“ಇನ್ನೂ ಅವನ ಹತ್ತಿರವೇ ಹೋಗ್ತಾಳಾ?” ಲೀಲಕ್ಕ ಕೇಳಿದರು.

ದೊಡ್ಡಮ್ಮ ಪುಟವನ್ನೇ ನೋಡಿದರು. “ಇಲ್ಲ ಮಾರಾಯ್ತಿ, ಟೀಚರ್ ಕೆಲಸಕ್ಕೆ ಸೇರಿದಳು.”

ಕೈಗಳು ಮತ್ತೆ ಓಡಿದವು. ಮುಂದೆ ನಾನೇ ಆ ಪುಸ್ತಕ ಓದಿದಾಗ, ಅವಳು ಅವನ ಬಳಿಗೇ ಮರಳಿದ್ದಳು. ಯಾವ ಕೊನೆಯನ್ನು ನಂಬಬೇಕೋ ಇಂದಿಗೂ ತಿಳಿದಿಲ್ಲ.

ಚೀಲದ ಹೆಂಗಸು ನನ್ನ ಒದ್ದೆ ಕಣ್ಣು ನೋಡಿ, “ಕೊನೆಗೆ ಎಂತಾಯ್ತು ಅಕ್ಕಾ?” ಎಂದರು.

ನಾನೂ ದೊಡ್ಡಮ್ಮನ ಹಾಗೆ ಪುಟವನ್ನೇ ನೋಡಿದೆ, ಇದ್ದದ್ದನ್ನು ಹೇಳಲೋ ಹೊಸ ಕೊನೆ ಕಟ್ಟಲೋ ಎಂದು.